ಮನೆಯ ಕಂಪ್ಯೂಟರಿಗೆ ಲೆಕ್ಕಪತ್ರದ ತಂತ್ರಾಂಶ: ಹಾಕಿಸುವ ಮುನ್ನ

ಮಕ್ಕಳ ಓದಿಗೆಂದು ತಂದ ಕಂಪ್ಯೂಟರು ಈಗ ನಮ್ಮ ಅನೇಕ ಸದಸ್ಯರ ಮನೆಗಳಲ್ಲಿದೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಅದು ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿರುತ್ತದೆ. ತೋಟದ ಕಿರ್ದಿಯನ್ನು ಅದಕ್ಕೆ ಏರಿಸಬೇಕೆಂಬ ಆಸೆ ಹಲವರಿಗಿದೆ. ಯಾವ ತಂತ್ರಾಂಶ ಹಾಕಿಸಬೇಕೆಂಬಲ್ಲಿ ತೊಡಕು. ಯಾವುದು ಹೆಸರುವಾಸಿ ಎಂದು ಕೇಳುವುದಕ್ಕಿಂತ, ಹತ್ತು ವರ್ಷದ ನಂತರವೂ ಈ ಲೆಕ್ಕ ತೆರೆದುಕೊಂಡೀತೇ ಎಂದು ಕೇಳುವುದು ಮೇಲು. ಈ ಬುದ್ಧಿ ನನಗೆ ಬಂದದ್ದು ತಡವಾಗಿ.

2014ರಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ನಮ್ಮ ಕಂಪ್ಯೂಟರಿಗೆ ಪರವಾನಗಿ ಇಲ್ಲದ ತಂತ್ರಾಂಶ ಹಾಕಿಕೊಟ್ಟರು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಂಟು ವರ್ಷ ಆಳಿನ ಲೆಕ್ಕ, ಗೊಬ್ಬರ, ಔಷಧಿ ಎಲ್ಲವನ್ನೂ ಅದರಲ್ಲೇ ಬರೆದೆ. 2022ರಲ್ಲಿ ಮನೆಯಲ್ಲಿ ಹಿಸ್ಸೆಯ ಮಾತು ಬಂದಾಗ, ಕೆಳಗಿನ ತೋಟದಲ್ಲಿ ಹೊಸ ಸಸಿ ಇಟ್ಟ ಖರ್ಚು ಎಷ್ಟೆಂದು ತಮ್ಮ ಕೇಳಿದ. ಅಷ್ಟರಲ್ಲಿ ಹಳೆಯ ಯಂತ್ರ ಸಿಡಿಲಿಗೆ ಹೋಗಿತ್ತು. ಪೆನ್‌ಡ್ರೈವಿನಲ್ಲಿದ್ದ ಪ್ರತಿಯನ್ನು ಹೊಸ ಯಂತ್ರದಲ್ಲಿ ತೆರೆದರೆ ಅಂಕಿಗಳೆಲ್ಲ ಇದ್ದವು, ಕನ್ನಡ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿತ್ತು. ಹದಿನೆಂಟು ಸಾವಿರ ರೂಪಾಯಿ ಎಂದಿದೆ, ಯಾವುದಕ್ಕೆ ಎಂದು ತಿಳಿಯದು. “ಅಣ್ಣಯ್ಯಾ, ನಿನ್ನ ಕಂಪ್ಯೂಟರಿಗಿಂತ ಅಪ್ಪನ ಕೆಂಪು ಪುಸ್ತಕವೇ ವಾಸಿ” ಎಂದ ತಮ್ಮ. ಅವನ ಮುಖದಲ್ಲಿ ಸಂಶಯದ ಒಂದು ಎಳೆಯೂ ಇತ್ತು, ಅದು ನನಗೆ ಇಂದಿಗೂ ಚುಚ್ಚುತ್ತದೆ. ಮೂರು ಸಂಜೆ ಕೂತು ಹಳೆಯ ಅಕ್ಷರಶೈಲಿಯನ್ನು ಹುಡುಕಿ ಹಾಕಿದ ಮೇಲೆ ಲೆಕ್ಕ ಓದಲು ಬಂತು.

ಕಾರಣ ಇಷ್ಟೇ. ಹಿಂದಿನ ಕನ್ನಡ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುತ್ತಿದ್ದವು. ಆ ಶೈಲಿ ಇಲ್ಲದ ಯಂತ್ರಕ್ಕೆ ಅದು ಇಂಗ್ಲಿಷೇ. ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿದ್ದು, ಫೋನಿನಲ್ಲೂ ಬೇರೆ ಯಂತ್ರದಲ್ಲೂ ಅವು ಕನ್ನಡವಾಗಿಯೇ ಉಳಿಯುತ್ತವೆ. ಆದ್ದರಿಂದ ಮೊದಲ ಪರೀಕ್ಷೆ: ಹೊಸ ತಂತ್ರಾಂಶದಲ್ಲಿ “ಮರಗಸಿ”, “ಕೊಳೆ ಔಷಧಿ” ಎಂದು ಬರೆದು ಆ ಫೈಲನ್ನು ನೆಂಟರ ಫೋನಿಗೆ ಕಳಿಸಿ. ಅಲ್ಲಿ ಓದಲು ಬಂದರೆ ಸರಿ.

ಆಫೀಸ್ ತಂತ್ರಾಂಶ ಎಂಬುದು ಒಂದು ಕಟ್ಟು. ಅದರಲ್ಲಿ ಪತ್ರ ಬರೆಯುವ ಭಾಗ, ಲೆಕ್ಕದ ಹಾಳೆ, ಸಭೆಯಲ್ಲಿ ಚಿತ್ರ ತೋರಿಸುವ ಭಾಗ ಇರುತ್ತವೆ. ನಮಗೆ ಮುಖ್ಯವಾದುದು ಲೆಕ್ಕದ ಹಾಳೆ. 1979ರಲ್ಲಿ ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬುವರ ವಿಸಿಕ್ಯಾಲ್ಕ್ ಎಂಬ ಹಾಳೆ ಆಪಲ್ 2 ಯಂತ್ರಕ್ಕೆ ಬಂದಾಗ, ಅದಕ್ಕಾಗಿಯೇ ಯಂತ್ರ ಕೊಂಡವರಿದ್ದರು. ಒಂದು ಅಂಕಿ ತಿದ್ದಿದರೆ ಅದನ್ನು ಆಧರಿಸಿದ ಮೊತ್ತಗಳೆಲ್ಲ ತಾವೇ ತಿದ್ದಿಕೊಳ್ಳುತ್ತವೆ ಎಂಬುದೇ ಅದರ ಗುಟ್ಟು. ಕೂಲಿ ದರವನ್ನು ಒಂದು ಕಡೆ ಬರೆದು, ಉಳಿದೆಡೆಯೆಲ್ಲ ಸೂತ್ರದಿಂದ ಅದನ್ನೇ ಕರೆಸಿಕೊಂಡರೆ, ಬರುವ ಕೊಯ್ಲಿಗೆ ದರ ಏರಿದರೆ ಖರ್ಚು ಎಷ್ಟಾದೀತೆಂದು ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಈ ಕೆಲಸವನ್ನು ಇಂದಿನ ಯಾವ ತಂತ್ರಾಂಶವಾದರೂ ಮಾಡುತ್ತದೆ.

ಇನ್ನು ಆಯ್ಕೆ. ಮೈಕ್ರೋಸಾಫ್ಟ್ ಆಫೀಸ್ ಎಲ್ಲ ಕಚೇರಿಗಳಲ್ಲೂ ಕಾಣಸಿಗುವುದು. ಅದನ್ನು ಒಮ್ಮೆಗೇ ಹಣ ಕೊಟ್ಟೂ ಕೊಳ್ಳಬಹುದು, ವರ್ಷದ ಚಂದಾ ಕಟ್ಟಿಯೂ ಬಳಸಬಹುದು. ಚಂದಾದ ಬಗೆಯಲ್ಲಿ ಒಂದು ಮಾತು ನೆನಪಿಡತಕ್ಕದ್ದು: ಅವಧಿ ಮುಗಿದ ಮೇಲೆ ಯಂತ್ರದಲ್ಲಿನ ತಂತ್ರಾಂಶದಿಂದ ನಿಮ್ಮ ಫೈಲನ್ನು ನೋಡಬಹುದು, ಮುದ್ರಿಸಬಹುದು, ತಿದ್ದಲಾಗದು. ಅಡಿಕೆಗೆ ಕೊಳೆ ಬಂದು ಕೈ ಖಾಲಿಯಾದ ವರ್ಷ ಚಂದಾ ಕಟ್ಟುವುದು ಯಾರಿಗೆ ನೆನಪಿರುತ್ತದೆ? ಯಂತ್ರದ ಜೊತೆ “ಉಚಿತ” ಎಂದು ಬರುವುದು ಎಷ್ಟೋ ಸಲ ಕೆಲವು ದಿನಗಳ ಪರೀಕ್ಷಾ ಪ್ರತಿಯಾಗಿರುತ್ತದೆ, ಅಂಗಡಿಯಲ್ಲೇ ವಿಚಾರಿಸಿ.

ಗೂಗಲ್ ಶೀಟ್ಸ್ ಉಚಿತ. ಫೋನಿನಲ್ಲೂ ನಡೆಯುತ್ತದೆ, ಊರಲ್ಲಿ ನೀವು ಬರೆದುದನ್ನು ಬೆಂಗಳೂರಿನ ಮಗಳು ಅಲ್ಲೇ ನೋಡಬಹುದು. ಆದರೆ ಆಷಾಢದಲ್ಲಿ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕಣ್ಮರೆಯಾಗುತ್ತವೆ. ನೆಟ್ ಇಲ್ಲದಾಗಲೂ ಕೆಲಸ ಮಾಡುವ ಏರ್ಪಾಡು ಅದರಲ್ಲಿದೆ. ಅದನ್ನು ನೆಟ್ ಇರುವಾಗಲೇ ಚಾಲೂ ಮಾಡಿಟ್ಟುಕೊಂಡಿರಬೇಕು.

ಲಿಬ್ರೆಆಫೀಸ್ ಸಹ ಉಚಿತ, ಚಂದಾ ಇಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಓಪನ್ಆಫೀಸ್ ಎಂಬುದರಿಂದ 2010ರಲ್ಲಿ ಕವಲೊಡೆದ ಇದನ್ನು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತದೆ. ಯಾರದೋ ಒಬ್ಬರ ಸೊತ್ತಲ್ಲದೆ ಹಲವರು ಕೂಡಿ ಸಾಕುವ ಪದ್ಧತಿ ಸಹಕಾರಿಗಳಾದ ನಮಗೆ ಹೊಸದೇನಲ್ಲ. ಇದರ ಸ್ವಂತ ಫೈಲಿನ ಬಗೆಯನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ 2006ರಲ್ಲಿ ಮಾನ್ಯ ಮಾಡಿದೆ. ಅದರ ರಚನೆ ಬಹಿರಂಗವಾದ್ದರಿಂದ ಬೇರೆಯವರೂ ಅದನ್ನು ಓದುವ ತಂತ್ರಾಂಶ ಮಾಡಬಹುದು. ಬ್ಯಾಂಕಿನವರೋ ಲೆಕ್ಕ ಪರಿಶೋಧಕರೋ ಎಕ್ಸೆಲ್ ಫೈಲು ಕೇಳಿದರೆ ಆ ರೂಪದಲ್ಲೂ ಉಳಿಸಿ ಕೊಡಬಹುದು. ಅವರು ಕೊಟ್ಟ ಜಟಿಲವಾದ ಎಕ್ಸೆಲ್ ಹಾಳೆಗಳು ಇದರಲ್ಲಿ ಒಮ್ಮೊಮ್ಮೆ ಸರಿಯಾಗಿ ನಡೆಯವು. ಅಂಥ ಹಾಳೆಗಳೇ ನಿತ್ಯದ ಕೆಲಸವಾದವರು ದುಡ್ಡು ಕೊಟ್ಟು ಎಕ್ಸೆಲ್ಲೇ ಕೊಳ್ಳುವುದು ಲೇಸು. ಐದಾರು ಎಕರೆಯ ನಮ್ಮಂಥವರಿಗೆ ಲಿಬ್ರೆಆಫೀಸ್ ಧಾರಾಳ ಸಾಕೆಂಬುದು ನನ್ನ ಅಭಿಪ್ರಾಯ.

ಯಾವುದನ್ನೇ ಹಾಕಿಸಿ, ಕಳೆದ ವರ್ಷದ ಕಿರ್ದಿಯಿಂದ ಒಂದು ತಿಂಗಳ ಲೆಕ್ಕ ಬರೆದು ನೋಡಿ. ತಾರೀಖು, ತೋಟ, ಕೆಲಸ, ಆಳು, ದರ, ಮೊತ್ತ ಎಂದು ಆರು ಕಾಲಂ ಸಾಕು. ಒಂದು ಸಾಲಿಗೆ ಒಂದೇ ಕೆಲಸ. “ಮರಗಸಿ ಮತ್ತು ಗೊಬ್ಬರ” ಎಂದು ಸೇರಿಸಿ ಬರೆದರೆ ಮುಂದೆ ಬೇರ್ಪಡಿಸಲು ಬಾರದು. ಕೆಲಸದ ಹೆಸರನ್ನು ಪ್ರತಿ ಸಲ ಒಂದೇ ರೀತಿ ಬರೆಯಬೇಕು. ಒಮ್ಮೆ “ಕೊಯ್ಲು”, ಇನ್ನೊಮ್ಮೆ “ಕೊಯಿಲು” ಎಂದರೆ ಯಂತ್ರಕ್ಕೆ ಅವು ಎರಡು ಕೆಲಸ. ಸಮ್-ಇಫ್ ಎಂಬ ಸೂತ್ರವನ್ನು ಮಕ್ಕಳಿಂದ ಕಲಿತುಕೊಳ್ಳಿ. ಕೊಯ್ಲಿನ ಖರ್ಚನ್ನಷ್ಟೇ ಹೆಕ್ಕಿ ಕೂಡಿಸಲು ಅದೊಂದೇ ಸಾಕು.

ತಾರೀಖಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. ಯಂತ್ರದಲ್ಲಿ ದೇಶವೆಂದು ಅಮೆರಿಕ ಇದ್ದರೆ, ಜೂನ್ 5 ಎಂದು ನೀವು ಬರೆದ 5/6 ಅದಕ್ಕೆ ಮೇ 6. ಯಾವ ತಕರಾರೂ ಇಲ್ಲದೆ ಒಳಗೆ ಹಾಕಿಕೊಳ್ಳುತ್ತದೆ, ತಿಂಗಳ ಲೆಕ್ಕ ಕೆಡುತ್ತದೆ. 15/06/2024 ಎಂದು ಹೊಡೆದು ನೋಡಿ: ಮನೆಯ ಬಲಕ್ಕೆ ಸರಿದು ನಿಂತರೆ ಯಂತ್ರ ಅದನ್ನು ತಾರೀಖೆಂದು ಒಪ್ಪಿದೆ, ಎಡಕ್ಕೇ ಅಂಟಿಕೊಂಡರೆ ಬರಿಯ ಅಕ್ಷರವೆಂದು ತಿಳಿದಿದೆ. ಎಡಕ್ಕೆ ನಿಂತರೆ ದೇಶವನ್ನು ಭಾರತವೆಂದು ಬದಲಿಸಿದ ಮೇಲೆಯೇ ಬರೆಯಲು ತೊಡಗಿ.

ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಪ್ರತಿ ತೆಗೆದು ಯಂತ್ರದಿಂದ ಬೇರೆಯಾಗಿ ಇಡಿ. ಗುಡುಗು ಕೇಳಿದೊಡನೆ ಪ್ಲಗ್ಗು ಕೀಳಿ. ವರ್ಷದ ಕೊನೆಗೆ ಇಡೀ ಹಾಳೆಯನ್ನು ಮುದ್ರಿಸಿ ಹೊಲಿಸಿಡಿ. ತಮ್ಮನೂ ನಾನೂ ಈಗ ಮಾರ್ಚಿ ಮುಗಿದ ಮೇಲೆ ಆ ಕಾಗದದ ಪ್ರತಿ ಪುಟಕ್ಕೂ ಇಬ್ಬರೂ ರುಜು ಹಾಕುತ್ತೇವೆ.