ಡೇಟಾಬೇಸ್ ವಿನ್ಯಾಸ: ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಬಿಸಿಎ, ಬಿ.ಇ. ಕಂಪ್ಯೂಟರ್ ಸೈನ್ಸ್ ಓದುವವರು ಯಾರೂ ತಪ್ಪಿಸಿಕೊಳ್ಳಲಾಗದ ವಿಷಯ ಡಿಬಿಎಂಎಸ್. ಕ್ವೆರಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟಬಹುದು. ಆದರೆ ಮಿನಿ ಪ್ರಾಜೆಕ್ಟ್‌ಗೆ ಕುಳಿತಾಗ ಎಷ್ಟು ಟೇಬಲ್ ಬೇಕು, ಯಾವುದರಲ್ಲಿ ಏನಿರಬೇಕು ಎಂಬಲ್ಲೇ ಹಲವರು ತಡವರಿಸುತ್ತಾರೆ.

ಮಾಹಿತಿಯನ್ನೆಲ್ಲ ಟೇಬಲ್‌ಗಳಲ್ಲಿಟ್ಟು, ಅವುಗಳೊಳಗಿನ ಮೌಲ್ಯಗಳಿಂದಲೇ ಒಂದಕ್ಕೊಂದು ನಂಟು ಬೆಸೆಯುವ ರಿಲೇಷನಲ್ ಮಾದರಿಯನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟರು. ಅಲ್ಲಿಯವರೆಗೆ ಮಾಹಿತಿ ಎಲ್ಲಿದೆ, ಅದನ್ನು ತಲುಪುವ ದಾರಿ ಯಾವುದು ಎಂಬುದನ್ನೂ ಪ್ರೋಗ್ರಾಮರೇ ಹೇಳಬೇಕಿತ್ತು. ಈ ಮಾದರಿಯಲ್ಲಿ ಏನು ಬೇಕೆಂದಷ್ಟೇ ಹೇಳಿದರೆ ಸಾಕು, ದಾರಿ ಹುಡುಕುವುದು ವ್ಯವಸ್ಥೆಯ ಕೆಲಸ. ಈ ಕೆಲಸಕ್ಕೆ ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಊರಿನ ಒಂದು ಗ್ರಂಥಾಲಯಕ್ಕೆ ಡೇಟಾಬೇಸ್ ಮಾಡಬೇಕಿದೆ ಎಂದಿಟ್ಟುಕೊಂಡು ಹಂತ ಹಂತವಾಗಿ ನೋಡೋಣ.

ಹಂತ 1: ಪ್ರಶ್ನೆಗಳನ್ನು ಬರೆದಿಡಿ
ಗ್ರಂಥಪಾಲಕರು ದಿನವೂ ಕೇಳುವ ಪ್ರಶ್ನೆಗಳೇನು? ಈ ಪುಸ್ತಕ ಒಳಗಿದೆಯೇ? ಯಾರ ಬಳಿ ಇದೆ? ಅವಧಿ ಮೀರಿದವರು ಯಾರು? ಇಂಥ ಎಂಟು ಹತ್ತು ಪ್ರಶ್ನೆಗಳನ್ನು ಪಟ್ಟಿ ಮಾಡಿ. ನಿಮ್ಮ ವಿನ್ಯಾಸ ಇವಕ್ಕೆಲ್ಲ ಉತ್ತರ ಕೊಡುವಂತಿರಬೇಕು.

ಹಂತ 2: ಎಂಟಿಟಿಗಳನ್ನು ಗುರುತಿಸಿ
ಯಾವ ಯಾವ ಸಂಗತಿಗಳ ಬಗ್ಗೆ ಮಾಹಿತಿ ಇಡಬೇಕೋ ಅವೇ ಎಂಟಿಟಿಗಳು. ಸದಸ್ಯ, ಪುಸ್ತಕ, ಲೇಖಕ ಎಂದು ಯಾರಾದರೂ ಬರೆಯುತ್ತಾರೆ. ಎಡವುವುದು ‘ಪುಸ್ತಕ’ದಲ್ಲಿ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಮೂರು ಪ್ರತಿಗಳಿದ್ದರೆ ಓದುಗರು ಒಯ್ಯುವುದು ಅವುಗಳಲ್ಲಿ ಒಂದನ್ನು. ಹೆಸರು, ಭಾಷೆ ಕೃತಿಗೆ ಸೇರಿದ ವಿವರ. ಖರೀದಿಸಿದ ದಿನ, ಹರಿದಿದೆಯೋ ಇಲ್ಲವೋ ಎಂಬುದು ಪ್ರತಿಗೆ ಸೇರಿದ್ದು. ಹಾಗಾಗಿ ‘ಕೃತಿ’, ‘ಪ್ರತಿ’ ಎರಡು ಬೇರೆ ಎಂಟಿಟಿಗಳು. ಇವನ್ನು ಪೀಟರ್ ಚೆನ್ 1976ರಲ್ಲಿ ರೂಪಿಸಿದ ಇ-ಆರ್ ಮಾದರಿಯಂತೆ ಚೌಕಗಳಲ್ಲಿ ಬರೆದು, ಗೆರೆಗಳಿಂದ ಜೋಡಿಸಿ.

ಹಂತ 3: ಸಂಬಂಧ ಎಂಥದು?
ಒಂದು ಕೃತಿಗೆ ಹಲವು ಪ್ರತಿ, ಆದರೆ ಒಂದು ಪ್ರತಿಗೆ ಒಂದೇ ಕೃತಿ. ಇಲ್ಲಿ ಪ್ರತಿಯ ಟೇಬಲ್‌ನಲ್ಲಿ ಕೃತಿ ಸಂಖ್ಯೆ ಇದ್ದರಾಯಿತು. ಕೃತಿ ಮತ್ತು ಲೇಖಕರ ಲೆಕ್ಕ ಬೇರೆ. ಒಬ್ಬ ಲೇಖಕರಿಗೆ ಹಲವು ಕೃತಿ, ಒಂದು ಕೃತಿಗೆ ಇಬ್ಬರು ಲೇಖಕರೂ ಇರಬಹುದು. ‘ಲೇಖಕ 1’, ‘ಲೇಖಕ 2’ ಎಂದು ಕಾಲಂ ಸೇರಿಸಬೇಡಿ. ಮೂರನೆಯವರು ಬಂದರೆ ಜಾಗವಿರದು. ಎರಡರ ಸಂಖ್ಯೆಗಳನ್ನಷ್ಟೇ ಹೊಂದಿದ ‘ಕೃತಿ-ಲೇಖಕ’ ಎಂಬ ಪ್ರತ್ಯೇಕ ಟೇಬಲ್ ಮಾಡಿ. ಯಾವ ಪ್ರತಿಯನ್ನು ಯಾವ ಸದಸ್ಯ ಎಂದು ಒಯ್ದ, ಎಂದು ಮರಳಿಸಿದ ಎಂಬುದಕ್ಕೆ ‘ಎರವಲು’ ಟೇಬಲ್ ಇರಲಿ.

ಹಂತ 4: ಕೀ ಆರಿಸಿ
ಪ್ರತಿ ಸಾಲನ್ನೂ ತಪ್ಪಿಲ್ಲದೆ ಗುರುತಿಸುವುದು ಪ್ರೈಮರಿ ಕೀ. ಸದಸ್ಯರಿಗೆ ಮೊಬೈಲ್ ಸಂಖ್ಯೆಯೇ ಕೀ ಆಗಲಿ ಎಂದು ಹಲವರಿಗೆ ಅನಿಸುತ್ತದೆ. ಆದರೆ ಒಂದೇ ಮನೆಯ ನಾಲ್ವರು ಒಂದೇ ಸಂಖ್ಯೆ ಕೊಡಬಹುದು, ಸಂಖ್ಯೆ ಬದಲಾಗಲೂಬಹುದು. ಎಂದೂ ಬದಲಾಗದ ಸದಸ್ಯತ್ವ ಸಂಖ್ಯೆಯೇ ಕ್ಷೇಮ. ಅದೇ ಸಂಖ್ಯೆ ಎರವಲು ಟೇಬಲ್‌ನಲ್ಲಿ ಫಾರಿನ್ ಕೀ ಆಗುತ್ತದೆ.

ಹಂತ 5: ನಾರ್ಮಲೈಸೇಷನ್
ವಿದ್ಯಾರ್ಥಿಗಳು ಹೆಚ್ಚು ಹೆದರುವ ಅಧ್ಯಾಯವಿದು. ತಿರುಳು ಮಾತ್ರ ಸರಳ: ಒಂದು ಸಂಗತಿ ಒಂದೇ ಕಡೆ ದಾಖಲಾಗಬೇಕು.

- ಮೊದಲ ನಾರ್ಮಲ್ ಫಾರ್ಮ್: ಒಂದು ಕೋಶದಲ್ಲಿ ಒಂದೇ ಮೌಲ್ಯ. ಎರಡು ಫೋನ್ ಸಂಖ್ಯೆಗಳನ್ನು ಅಲ್ಪವಿರಾಮ ಹಾಕಿ ಒಟ್ಟಿಗೆ ತುರುಕಬೇಡಿ.
- ಎರಡನೆಯದು: ‘ಕೃತಿ-ಲೇಖಕ’ ಟೇಬಲ್‌ನಲ್ಲಿ ಲೇಖಕರು ಹುಟ್ಟಿದ ವರ್ಷ ಬರೆದರೆ ತಪ್ಪು. ಅದು ಕೀಯ ಒಂದು ಭಾಗವನ್ನಷ್ಟೇ ಅವಲಂಬಿಸಿದೆ.
- ಮೂರನೆಯದು: ಎರವಲು ಟೇಬಲ್‌ನಲ್ಲಿ ಸದಸ್ಯರ ವಿಳಾಸ ಬೇಡ. ಅದು ಆ ಟೇಬಲ್‌ನ ಕೀ ಆದ ಎರವಲು ಸಂಖ್ಯೆಗಲ್ಲ, ಸದಸ್ಯತ್ವ ಸಂಖ್ಯೆಗೆ ಅಂಟಿದ ವಿವರ. ಸದಸ್ಯ ಮನೆ ಬದಲಿಸಿದರೆ ಅವರ ಎಲ್ಲ ಹಳೆಯ ಸಾಲುಗಳನ್ನೂ ತಿದ್ದಬೇಕಾಗುತ್ತದೆ. ಒಂದು ಬಿಟ್ಟುಹೋದರೂ ಯಾವ ವಿಳಾಸ ಸರಿ ಎಂಬುದು ತಿಳಿಯದು.

ಹಂತ 6: ಈಗ ಕಂಪ್ಯೂಟರ್ ತೆರೆಯಿರಿ
ಅಭ್ಯಾಸಕ್ಕೆ ಎಸ್‌ಕ್ಯೂಲೈಟ್ ಒಳ್ಳೆಯದು. ಅದು ಉಚಿತ, ಸರ್ವರ್ ಬೇಕಿಲ್ಲ, ಇಡೀ ಡೇಟಾಬೇಸ್ ಒಂದೇ ಕಡತದಲ್ಲಿರುತ್ತದೆ. ಆದರೆ ಫಾರಿನ್ ಕೀ ತಪಾಸಣೆ ಅದರಲ್ಲಿ ಸಾಮಾನ್ಯವಾಗಿ ತಾನಾಗಿ ಚಾಲೂ ಇರುವುದಿಲ್ಲ. ಪ್ರತಿ ಬಾರಿ ಸಂಪರ್ಕಿಸಿದಾಗಲೂ ಪ್ರಾಗ್ಮಾ ಆಜ್ಞೆಯಿಂದ ಅದನ್ನು ಚಾಲೂ ಮಾಡಿ. ಇಲ್ಲದಿದ್ದರೆ ಇಲ್ಲದ ಸದಸ್ಯನ ಹೆಸರಿಗೂ ಪುಸ್ತಕ ಎರವಲು ಹೋಗುತ್ತದೆ. ಮೈಎಸ್‌ಕ್ಯೂಎಲ್ ಬಳಸುವವರು ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಇದೆಯೇ ನೋಡಿಕೊಳ್ಳಿ. ಹಳೆಯ ಲ್ಯಾಟಿನ್ ಸೆಟ್‌ನಲ್ಲಿ ಕನ್ನಡದ ಹೆಸರುಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು.

ಹಂತ 7: ಪ್ರಶ್ನೆಗಳಿಗೆ ಉತ್ತರ ಪಡೆಯಿರಿ
ಮೊದಲ ಹಂತದ ಪಟ್ಟಿಯನ್ನು ಒಂದೊಂದಾಗಿ ಎಸ್‌ಕ್ಯೂಎಲ್‌ನಲ್ಲಿ ಬರೆಯಿರಿ. ಇನ್ನೂ ಮರಳಿಸದ ಪುಸ್ತಕಗಳ ಮರಳಿಸಿದ ದಿನಾಂಕ ‘ನಲ್’ ಆಗಿರುತ್ತದೆ. ಅವನ್ನು ಹುಡುಕಲು ಸಮ ಚಿಹ್ನೆ ಹಾಕಿದರೆ ಒಂದು ಸಾಲೂ ಬಾರದು. ‘ಈಸ್ ನಲ್’ ಎಂದೇ ಬರೆಯಬೇಕು. ಒಮ್ಮೆಯೂ ಎರವಲು ಹೋಗದ ಪ್ರತಿಗಳ ಪಟ್ಟಿಗೆ ಸಾಮಾನ್ಯ ಜಾಯಿನ್ ಸಾಲದು, ‘ಲೆಫ್ಟ್ ಜಾಯಿನ್’ ಬೇಕು.

ಹಂತ 8: ನಿರ್ವಹಣೆ
ಪುಸ್ತಕ ಮರಳಿಸಿದ್ದು, ದಂಡ ಕಟ್ಟಿದ್ದು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿರಲಿ. ನಡುವೆ ಕರೆಂಟ್ ಹೋದರೆ ಎರಡೂ ರದ್ದಾಗುತ್ತವೆ, ಅರ್ಧಂಬರ್ಧ ಲೆಕ್ಕ ಉಳಿಯುವುದಿಲ್ಲ. ಹೆಚ್ಚು ಹುಡುಕುವ ಕಾಲಂಗಳಿಗೆ ಮಾತ್ರ ಇಂಡೆಕ್ಸ್ ಕೊಡಿ. ಎಲ್ಲಕ್ಕೂ ಕೊಟ್ಟರೆ ಹೊಸ ಸಾಲು ಸೇರಿಸುವುದು ನಿಧಾನವಾಗುತ್ತದೆ. ಬ್ಯಾಕಪ್ ತೆಗೆದಿಟ್ಟರಷ್ಟೇ ಸಾಲದು, ಅದರಿಂದ ಮಾಹಿತಿ ಮರಳಿ ಬರುತ್ತದೆಯೇ ಎಂದೂ ಪರೀಕ್ಷಿಸಿ.

ಸೆಮಿಸ್ಟರ್ ಮುಗಿಯುವವರೆಗೆ ಕಾಯಬೇಡಿ. ಹಾಲಿನ ಡೇರಿ, ಹಾಸ್ಟೆಲ್ ಮೆಸ್, ಕ್ಲಿನಿಕ್, ಹೀಗೆ ನಿಮಗೆ ಗೊತ್ತಿರುವ ಯಾವುದಾದರೂ ಒಂದು ಕಡೆಯ ಲೆಕ್ಕದ ಪುಸ್ತಕವನ್ನು ಆರಿಸಿಕೊಂಡು ಮೊದಲ ಐದು ಹಂತಗಳನ್ನು ಕಾಗದದ ಮೇಲೆ ಮುಗಿಸಿ, ಸಹಪಾಠಿಗೆ ತೋರಿಸಿ. ಒಂದೇ ಸಂಗತಿ ಎರಡು ಕಡೆ ಬರೆದಿರುವುದು ಅವರ ಕಣ್ಣಿಗೆ ಬಿದ್ದರೆ ಮತ್ತೆ ಬರೆಯಿರಿ. ಕಾಗದದಲ್ಲಿ ಗೆರೆ ಅಳಿಸುವುದು ಸುಲಭ, ಸಾವಿರಾರು ಸಾಲು ತುಂಬಿದ ಟೇಬಲ್ ಒಡೆಯುವುದು ಕಷ್ಟ.