ಜವ, ವೇಗ, ಬಲ: ಚಲನೆಯ ಪಾಠದಲ್ಲಿ ಪದವಿವೇಕ

ಕನ್ನಡ ಪಂಡಿತನಿಗೆ ಭೌತವಿಜ್ಞಾನದ ಗೊಡವೆ ಏಕೆಂದು ಓದುಗರು ಕೇಳಬಹುದು. ಆದರೆ ಕನ್ನಡ ಮಾಧ್ಯಮದ ಮಗು ವಿಜ್ಞಾನದ ಹೊಸಿಲನ್ನು ದಾಟುವುದು ಪದಗಳ ಮೂಲಕವೇ, ಎಡವುವುದೂ ಅಲ್ಲಿಯೇ.

ನಾವು ಓದಿದ ಕಾವ್ಯಗಳಲ್ಲಿ ಜವ, ವೇಗ ಎಂಬೆರಡೂ ಪರ್ಯಾಯಪದಗಳು. ಹಾಗೆಂದೇ ನಾನು ಬಹುಕಾಲ ಕಲಿಸಿದೆ. ಅದನ್ನು ನಂಬಿದ ಹುಡುಗನೊಬ್ಬನು ವಿಜ್ಞಾನದ ಪರೀಕ್ಷೆಯಲ್ಲಿ ಹಾಗೆಯೇ ಬರೆದು, ಅಂಕ ಕಳೆದುಕೊಂಡು, ಉತ್ತರಪತ್ರಿಕೆಯನ್ನು ನನ್ನ ಮುಂದೆ ಹಿಡಿದನು. "ನೀವೇ ಹೇಳಿಕೊಟ್ಟಿದ್ರಲ್ಲ, ಮೇಷ್ಟ್ರೇ?" ಅಂದು ಸಂಜೆ ವಿಜ್ಞಾನದ ಅಧ್ಯಾಪಕರಲ್ಲಿ ನಾನೇ ಪಾಠ ಹೇಳಿಸಿಕೊಂಡೆ.

ಇಂತಿಷ್ಟು ಕಾಲದಲ್ಲಿ ಕ್ರಮಿಸಿದ ದೂರವು ಜವ. ವೇಗಕ್ಕಾದರೋ ದಿಕ್ಕೂ ಬೇಕು. ಆಲೂರು, ಸಕಲೇಶಪುರಗಳ ಮಕ್ಕಳಿಗೆ ಇದನ್ನು ತಿಳಿಸಲು ಶಿರಾಡಿ ಘಾಟಿಗಿಂತ ಬೇರೆ ಪ್ರಯೋಗಶಾಲೆ ಬೇಡ. ತಿರುವಿನಲ್ಲಿ ಬಸ್ಸಿನ ಮುಳ್ಳು ಗಂಟೆಗೆ 30 ಕಿಲೋಮೀಟರಿನಲ್ಲಿಯೇ ನಿಂತಿದ್ದರೂ ದಿಕ್ಕು ಹೊರಳುತ್ತಿರುವುದರಿಂದ ವೇಗವು ಕ್ಷಣಕ್ಷಣಕ್ಕೂ ಬೇರೆಯಾಗುತ್ತದೆ. ವೇಗ ಬದಲಾಗಲು ಬಲ ಬೇಕು. ಅದನ್ನೊದಗಿಸುವುದು ಚಕ್ರಕ್ಕೂ ರಸ್ತೆಗೂ ನಡುವಣ ಘರ್ಷಣೆ. ಆಷಾಢದ ಮಳೆಯಲ್ಲಿ ಅದು ತಗ್ಗುವುದರಿಂದಲೇ ಬಲ್ಲ ಚಾಲಕನು ತಿರುವಿಗೆ ಮುನ್ನವೇ ಜವವನ್ನಿಳಿಸುತ್ತಾನೆ. ಒಳಗಿನ ಮಕ್ಕಳು ಒಬ್ಬರ ಮೇಲೊಬ್ಬರು ವಾಲುವುದು ಜಡತ್ವದಿಂದ. ಅವರ ದೇಹ ನೇರವಾಗಿಯೇ ಸಾಗಬಯಸುತ್ತದೆ.

ಜಡತ್ವವನ್ನು ಒಪ್ಪಿಸುವುದು ಸುಲಭವಲ್ಲ. ತರ್ಕಸಂಗ್ರಹದಲ್ಲಿ ವೇಗವು ಸಂಸ್ಕಾರದ ಮೂರು ಭೇದಗಳಲ್ಲೊಂದು. ಬಾಣವನ್ನು ಮುಂದೊಯ್ಯುವುದು ಅದೇ ಎಂದು ನಾವು ಕಲಿತೆವು. ದೂಡುವುದನ್ನು ಬಿಟ್ಟರೆ ವಸ್ತು ತಾನಾಗಿ ನಿಲ್ಲುವುದೆಂದು ಮಕ್ಕಳೂ ನಂಬುತ್ತಾರೆ. 1687ರಲ್ಲಿ ನ್ಯೂಟನ್ ಪ್ರಕಟಿಸಿದ ನಿಯಮ ಇದಕ್ಕೆ ವಿರುದ್ಧ: ಸಾಗುವುದನ್ನು ನಿಲ್ಲಿಸುವುದಕ್ಕೇ ಬಲ ಬೇಕು.

ಇದಕ್ಕೆ ನಮ್ಮ ರೈಲೇ ಸಾಕ್ಷಿ. ಹಾಸನ–ಮಂಗಳೂರು ಮಾರ್ಗವು 1979ರಲ್ಲಿ ತೆರೆಯಿತು. ಸಕಲೇಶಪುರದಾಚೆಯ ಘಟ್ಟದಲ್ಲಿ ಅದು 50 ಮೀಟರಿಗೆ 1 ಮೀಟರಿನಂತೆ ಇಳಿಯುತ್ತದೆ. "ಇಳಿಯುವ ರೈಲಿಗೆ ಎಂಜಿನ್ ಏಕೆ?" ಎಂದು ಕೇಳಿದೆ. "ತಡೆಯೋಕೆ" ಎಂದಿತು ಮುಂದಿನ ಸಾಲಿನ ಮಗು. ರೈಲು 1000 ಟನ್ ತೂಗುವುದಾದರೆ ಇಳಿಜಾರು ಅದನ್ನು 20 ಟನ್ ಭಾರದಷ್ಟು ಬಲದಿಂದ ಕೆಳಗೆಳೆಯುತ್ತದೆ. ಬ್ರೇಕು, ಘರ್ಷಣೆಗಳು ಒಟ್ಟಾಗಿ ಅಷ್ಟನ್ನೇ ಎದುರಿಸಿದರೆ ರೈಲು ನಿಲ್ಲುವುದಿಲ್ಲ. ಒಂದೇ ಜವದಲ್ಲಿ ಇಳಿಯುತ್ತದೆ! ಮಕ್ಕಳು ಇದನ್ನು ಒಪ್ಪಲು ಎರಡು ದಿನ ಹಿಡಿಯಿತು. ನನಗೆ, ನಿಜ ಹೇಳುವುದಾದರೆ, ಇನ್ನೂ ಹೆಚ್ಚು.

ಈಗ ಪ್ರತಿವರ್ಷವೂ ಚಲನೆಯ ಪಾಠಕ್ಕೆ ಮುನ್ನ ನಾವಿಬ್ಬರು ಅಧ್ಯಾಪಕರು ಒಂದೇ ತರಗತಿಯಲ್ಲಿ ನಿಲ್ಲುತ್ತೇವೆ. ಕಾವ್ಯದ ಅರ್ಥವನ್ನು ನಾನು ಕಪ್ಪುಹಲಗೆಯ ಎಡಕ್ಕೆ ಬರೆಯುತ್ತೇನೆ, ಶಾಸ್ತ್ರದ ಅರ್ಥವನ್ನು ಅವರು ಬಲಕ್ಕೆ.