ಮುಖದ ಕೆಂಪು: ರೋಸೇಶಿಯ ವ್ಯಾಧಿಯ ಪರಿಚಯ

ಮುಖವು ಮನಸ್ಸಿನ ಕನ್ನಡಿಯೆಂಬುದು ಹಿರಿಯರ ಮಾತು. ಆದರೆ ಈ ಮಾತು ಎಲ್ಲ ಸಂದರ್ಭಗಳಿಗೂ ಸಲ್ಲುವುದಿಲ್ಲ. ಕೆಂಪೇರಿದ ಮುಖವನ್ನು ಕಂಡು ಒಬ್ಬನನ್ನು ಮುಂಗೋಪಿಯೆಂದೋ ಮದ್ಯಪಾನಿಯೆಂದೋ ಎಣಿಸುವುದು ಲೋಕರೂಢಿ. ಆ ಕೆಂಪು ಒಂದು ಚರ್ಮವ್ಯಾಧಿಯ ಚಿಹ್ನೆಯಾಗಿರಬಹುದು. ವೈದ್ಯಶಾಸ್ತ್ರವು ಅದನ್ನು ‘ರೋಸೇಶಿಯ’ ಎಂದು ಕರೆಯುತ್ತದೆ.

ಲಕ್ಷಣಗಳು

ಈ ವ್ಯಾಧಿಯು ಸಾಮಾನ್ಯವಾಗಿ 30 ವರ್ಷ ವಯಸ್ಸಿನ ನಂತರ ಕಾಣಿಸಿಕೊಳ್ಳುತ್ತದೆ. ಕೆನ್ನೆ, ಮೂಗು, ಗದ್ದ ಹಾಗೂ ಹಣೆಯ ನಡುಭಾಗ ಇದರ ನೆಲೆಗಳು. ಮೊದಮೊದಲು ಮುಖಕ್ಕೆ ರಕ್ತವೇರಿ ಇಳಿಯುತ್ತದೆ. ಕ್ರಮೇಣ ಕೆಂಪು ಅಲ್ಲಿಯೇ ನಿಲ್ಲುತ್ತದೆ. ಸೂಕ್ಷ್ಮ ರಕ್ತನಾಳಗಳು ಎಳೆಎಳೆಯಾಗಿ ತೋರುತ್ತವೆ. ಕೆಲವರಲ್ಲಿ ಕೀವುಗುಳ್ಳೆಗಳೂ ಏಳುತ್ತವೆ. ಹರೆಯದ ಮೊಡವೆಗಳಲ್ಲಿರುವ ಕಪ್ಪು ಚುಕ್ಕೆಯ ಮುಚ್ಚಿದ ರಂಧ್ರಗಳು ಇದರಲ್ಲಿ ಇರುವುದಿಲ್ಲ. ಕಣ್ಣುಗಳು ಒಣಗಿ ಉರಿಯುವುದೂ ಉಂಟು. ಪುರುಷರಲ್ಲಿ ಕೆಲವೊಮ್ಮೆ ಮೂಗಿನ ಚರ್ಮವು ದಪ್ಪನಾಗಿ ಗಂಟುಗಟ್ಟುತ್ತದೆ. ಇಟಲಿಯ ಗಿರ್ಲಾಂದಾಯೊ ಸುಮಾರು 1490ರಲ್ಲಿ ಬರೆದ, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಅಜ್ಜ ಮೊಮ್ಮಗನ ಚಿತ್ರದಲ್ಲಿ ಇಂತಹ ಮೂಗನ್ನು ಕಾಣಬಹುದು. ಮೊಮ್ಮಗನ ನೋಟದಲ್ಲಿ ಮಾತ್ರ ಅಸಹ್ಯದ ಸುಳಿವಿಲ್ಲ.

ಕಂದು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದ ಕಾರಣ ರೋಗನಿರ್ಣಯ ತಡವಾಗುತ್ತದೆ. ಅಂಥವರು ಮುಖದ ಬಿಸಿ, ಉರಿ ಮತ್ತು ಚುಚ್ಚುವಿಕೆಯನ್ನು ಅಲಕ್ಷಿಸಬಾರದು.

ಕಾರಣ ಮತ್ತು ಪ್ರಚೋದಕಗಳು

ಇದು ಅಂಟುರೋಗವಲ್ಲ, ಅಶುಚಿತ್ವದ ಫಲವೂ ಅಲ್ಲ. ಚರ್ಮದ ಸಹಜ ರಕ್ಷಣಾವ್ಯವಸ್ಥೆಯು ಮಿತಿಮೀರಿ ಕೆರಳುವುದು, ರಕ್ತನಾಳ ಮತ್ತು ನರಗಳು ಅತಿಯಾಗಿ ಸ್ಪಂದಿಸುವುದು, ಅನುವಂಶೀಯತೆ, ರೋಮಕೂಪಗಳಲ್ಲಿ ವಾಸಿಸುವ ಡೆಮೊಡೆಕ್ಸ್ ಎಂಬ ಸೂಕ್ಷ್ಮ ಜೀವಿಯ ಹೆಚ್ಚಳ, ಇವೆಲ್ಲ ಇದರಲ್ಲಿ ಪಾತ್ರ ವಹಿಸುತ್ತವೆ.

ಬಿಸಿಲು, ಸೆಕೆ, ಗಾಳಿ, ಖಾರದ ಆಹಾರ, ಮದ್ಯ, ತೀವ್ರ ವ್ಯಾಯಾಮ, ಮನಃಕ್ಷೋಭೆ ಇವು ವ್ಯಾಧಿಯನ್ನು ಕೆರಳಿಸುವ ಪ್ರಚೋದಕಗಳು. ಮದ್ಯವು ಇವುಗಳಲ್ಲಿ ಒಂದು ಮಾತ್ರ. ಅದನ್ನು ಎಂದೂ ಮುಟ್ಟದವರಿಗೂ ಈ ವ್ಯಾಧಿ ಬರುತ್ತದೆ. ಕಾಫಿಯ ವಿಷಯದಲ್ಲಿ, ಮುಖಕ್ಕೆ ರಕ್ತವೇರಿಸುವುದು ಅದರ ಬಿಸಿಯೇ ಹೊರತು ಕೆಫೀನ್ ಅಲ್ಲವೆಂದು 1981ರ ಪ್ರಯೋಗವೊಂದು ತೋರಿಸಿತು. ಎಲ್ಲರಿಗೂ ಒಂದೇ ಪ್ರಚೋದಕವಿರುವುದಿಲ್ಲ. ಆದುದರಿಂದ ರೋಗಿಯು ತನ್ನ ಆಹಾರವಿಹಾರಗಳನ್ನು ದಿನಚರಿಯಲ್ಲಿ ಬರೆದಿಟ್ಟು, ತನಗೆ ಒಗ್ಗದುದನ್ನು ತಾನೇ ಗುರುತಿಸಬೇಕು.

ಎಚ್ಚರ ಮತ್ತು ಚಿಕಿತ್ಸೆ

ಮುಖದ ಕಾಂತಿಗೆಂದು ಸ್ಟಿರಾಯ್ಡ್ ಮುಲಾಮನ್ನು ತಾವೇ ಕೊಂಡು ಹಚ್ಚಿಕೊಳ್ಳುವ ರೂಢಿ ನಮ್ಮ ದೇಶದಲ್ಲಿದೆ. ಅದು ಮೊದಲು ಶಮನ ನೀಡಿದಂತೆ ತೋರಿ, ಕೊನೆಗೆ ಇದೇ ಬಗೆಯ ಕೆಂಪನ್ನು ಉಂಟುಮಾಡುತ್ತದೆ. 2018ರಲ್ಲಿ ಭಾರತ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿರ್ಬಂಧಿಸಿತು.

ರೋಸೇಶಿಯ ಪೂರ್ಣವಾಗಿ ಅಳಿಯದಿದ್ದರೂ ಹತೋಟಿಗೆ ಬರುತ್ತದೆ. ಬಿಸಿಲಿನಿಂದ ರಕ್ಷಣೆ ಮತ್ತು ಸೌಮ್ಯ ಸಾಬೂನು ಮೊದಲ ಹೆಜ್ಜೆ. ಮೆಟ್ರೊನಿಡಜೋಲ್, ಅಜೆಲಾಯಿಕ್ ಆಮ್ಲ, ಐವರ್‌ಮೆಕ್ಟಿನ್ ಲೇಪಗಳನ್ನೂ ಡಾಕ್ಸಿಸೈಕ್ಲಿನ್ ಮಾತ್ರೆಯನ್ನೂ ಚರ್ಮವೈದ್ಯರ ಸಲಹೆಯಂತೆಯೇ ಬಳಸಬೇಕು. ಕಣ್ಣು ಉರಿಯುತ್ತಿದ್ದರೆ ನೇತ್ರವೈದ್ಯರನ್ನು ಕಾಣಲು ತಡಮಾಡಬಾರದು.

ಔಷಧವು ಚರ್ಮದ ಉರಿಯನ್ನು ತಣಿಸಬಲ್ಲದು; ಅಪವಾದದ ಉರಿಯನ್ನು ತಣಿಸಬೇಕಾದುದು ಸಮಾಜ. ತರಗತಿಯಲ್ಲಾಗಲಿ ಮನೆಯಲ್ಲಾಗಲಿ, ಪರರ ಮುಖದ ಬಣ್ಣದಿಂದ ಅವರ ನಡತೆಯನ್ನು ಅಳೆಯದಿರುವುದನ್ನು ಮಕ್ಕಳಿಗೆ ಕಲಿಸುವುದು ವಿದ್ಯಾವಂತರೆಲ್ಲರ ಕರ್ತವ್ಯ.